ರಜಾಚೀಟಿಯಲ್ಲಿ ಬರೆಯದ ಕಾರಣ

ನಮ್ಮ ಹೂವಿನಹಡಗಲಿ ಸೀಮೆಯಲ್ಲಿ ಸಿಕ್ಕಿರುವ ಬಹಳ ಹಳೆಯ ಬರಹಗಳಲ್ಲಿ ಹಿರೇಹಡಗಲಿಯ ತಾಮ್ರಪಟ ಒಂದು. ಪಲ್ಲವರ ಶಿವಸ್ಕಂದವರ್ಮನದು, ಸುಮಾರು 4ನೆಯ ಶತಮಾನದ್ದು. ಭಾಷೆ ಕನ್ನಡವಲ್ಲ, ಪ್ರಾಕೃತ. ಬ್ರಾಹ್ಮಣರಿಗೆ ಕೊಟ್ಟ ದಾನಪತ್ರ ಅದು. ಕೊಟ್ಟ ರಾಜನ ಹೆಸರಿದೆ, ಪಡೆದವರ ಹೆಸರುಗಳಿವೆ, ಬರೆದ ಭಟ್ಟಿಶರ್ಮನ ಹೆಸರೂ ಇದೆ. ಕಣ ಮತ್ತು ಮನೆಯ ಜಾಗದ ಜೊತೆಗೆ ಅರ್ಧ ಪಾಲಿಗೆ ದುಡಿಯುವ ಆಳುಗಳನ್ನೂ ಕೊಟ್ಟಿದ್ದಾರೆ: ನಾಲ್ಕು. ಅವರಿಗೆ ಹೆಸರಿಲ್ಲ, ಲೆಕ್ಕ ಮಾತ್ರ ಇದೆ. ಅವರ ಜಾತಿ ಯಾವುದೆಂದು ಪಟ ಹೇಳುವುದಿಲ್ಲ, ನಾನೂ ಊಹಿಸಲಾರೆ. ಆದರೆ ಬರಹದ ಒಂದು ಬಗೆಯಲ್ಲಿ ಯಾರು ಹೆಸರಾಗುತ್ತಾರೆ, ಯಾರು ಅಂಕಿಯಾಗುತ್ತಾರೆ ಅನ್ನುವ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ಇಲ್ಲಿಂದಲೇ ಕೇಳಬಹುದು. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪತ್ರ, ಪ್ರಬಂಧ, ವರದಿ, ಅರ್ಜಿ ಅಂತ ಬಗೆಬಗೆಯ ಬರಹ ಕಲಿಸುತ್ತೇವಲ್ಲ, ಅದನ್ನು ಈ ಪ್ರಶ್ನೆಯ ಪಕ್ಕದಲ್ಲಿಟ್ಟು ನೋಡಬೇಕು.

ಕನ್ನಡ ನಾಡಿನಲ್ಲಿ ಅಸ್ಪೃಶ್ಯ ಮಗುವಿನ ಶಾಲೆಯ ಚರಿತ್ರೆ ಬಿಚ್ಚಿದರೆ ಎದುರಾಗುವುದೇ ಒಂದು ಅರ್ಜಿ. 1856ರ ಜೂನ್, ಧಾರವಾಡ. ಸರಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ ಹುಡುಗನೊಬ್ಬನ ಪರವಾಗಿ ಅರ್ಜಿ ಹೋಯಿತು. ನ್ಯಾಯ ಅವನ ಕಡೆಗಿದೆ ಅಂತ ಮುಂಬಯಿ ಸರಕಾರ ಒಪ್ಪಿಕೊಂಡಿತು. ಒಪ್ಪಿಕೊಂಡೇ, ಒಬ್ಬನ ಸಲುವಾಗಿ ಶಾಲೆ ಕೆಡಿಸಲಾಗದು ಎಂದು ಬಾಗಿಲು ಹಾಕಿತು. (ಬಿಸಿಯೂಟಕ್ಕೆ ದಲಿತ ಹೆಂಗಸು ಅಡುಗೆಗೆ ಬಂದಾಗ ಇದೇ ವಾದ ಇವತ್ತೂ ಕಿವಿಗೆ ಬೀಳುತ್ತದೆ.) 1858ರಲ್ಲಿ ಕಂಪನಿಯ ಡೈರೆಕ್ಟರುಗಳು ಸರಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕೆಂದರು, ಕಾಗದದ ಮೇಲೆ. ಆ ಹುಡುಗನ ಹೆಸರನ್ನು ಚರಿತ್ರೆ ದೊಡ್ಡದಾಗಿ ಬರೆಯಲಿಲ್ಲ. ಆದರೆ ಅರ್ಜಿ ಸಾಯಲಿಲ್ಲ. 1928ರಲ್ಲಿ ಅಂಬೇಡ್ಕರ್ ದಲಿತರ ಶಿಕ್ಷಣದ ಬಗ್ಗೆ ಸೈಮನ್ ಕಮಿಷನ್ನಿಗೆ ಹೇಳಿಕೆ ಕೊಡುವಾಗ ಧಾರವಾಡದ ಈ ಪ್ರಕರಣವನ್ನೇ ಎತ್ತಿಟ್ಟರು. 72 ವರ್ಷದ ಹಿಂದೆ ತಿರಸ್ಕಾರವಾದ ಕಾಗದ ಇನ್ನೊಂದು ಕಾಗದಕ್ಕೆ ಸಾಕ್ಷಿಯಾಯಿತು. ಬರೆದು ಕೊಟ್ಟದ್ದರಿಂದ ತಾನೇ?

ಬಳ್ಳಾರಿ ಕಡೆಯವರಾದ ನಾವು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿದ್ದವರು. ಅಲ್ಲಿ ಲೇಬರ್ ಇಲಾಖೆಯ ಶಾಲೆಗಳು ದಲಿತ ಮಕ್ಕಳಿಗೆಂದೇ ಇದ್ದವು. ಅದು ಬೇರೆಯೇ ಕಥೆ. ನನಗೆ ಗೊತ್ತಿರುವ ತರಗತಿ ತೀರ ಈಚಿನದು. ಅಲ್ಲಿ ಬರೆಯುವುದೆಂದರೆ ಕಾಪಿ, ಉಕ್ತಲೇಖನ, ಬೋರ್ಡಿನಿಂದ ಇಳಿಸಿಕೊಂಡ ಹಸುವಿನ ಪ್ರಬಂಧ. ಆಮೇಲೆ ರಜಾಚೀಟಿ. ಅದರ ಅಚ್ಚು ಎಲ್ಲರಿಗೂ ಬಾಯಿಪಾಠ: ನನಗೆ ಜ್ವರ ಬಂದಿರುವುದರಿಂದ ಎರಡು ದಿನ ರಜೆ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ. ನಮ್ಮ ಕೇರಿಯ ಹುಡುಗರಿಗೆ ಜ್ವರ ಬರುತ್ತಿರಲಿಲ್ಲ ಅಂತಲ್ಲ. ಆದರೆ ಶಾಲೆ ತಪ್ಪುತ್ತಿದ್ದದ್ದು ಗುಳೆಯಿಂದ. ಕಬ್ಬು ಕಡಿಯಲು, ಕಾಫಿ ಸೀಮೆಗೆ, ಬೆಂಗಳೂರಿನ ಕಟ್ಟಡಗಳಿಗೆ ಮನೆಯೇ ಎದ್ದು ಹೋಗುತ್ತಿತ್ತು. ಗೆಳೆಯನೊಬ್ಬ ಎರಡು ತಿಂಗಳ ಮೇಲೆ ಬಂದು ಇದ್ದದ್ದು ಇದ್ದಂತೆ ಬರೆದಾಗ ಮೇಷ್ಟ್ರು, 'ಇದೆಲ್ಲ ಬರಿಯಂಗಿಲ್ಲಲೇ, ಜ್ವರ ಅಂತ ಬರಿ' ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಅವರಿಗೂ ಅಚ್ಚು ಅಷ್ಟೇ ಗೊತ್ತಿತ್ತು. ನಾವು ಕಲಿತ ಮೊದಲ ಅರ್ಜಿ ಹೀಗೆ ಸುಳ್ಳಿನ ಅರ್ಜಿಯಾಯಿತು.

ಆ ಸುಳ್ಳಿಗೆ ಬೆಲೆ ಇದೆ. 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಅದರ ಕೀಲಿ ಇದ್ದದ್ದು ಒಂದು ತುಂಡು ಕಾಗದದಲ್ಲಿ: ಕೆಲಸ ಬೇಕೆಂದು ಅರ್ಜಿ ಕೊಡಬೇಕು, ದಿನಾಂಕ ಹಾಕಿದ ರಸೀತಿ ಪಡೆಯಬೇಕು, 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. ದಿನಾಂಕವಿಲ್ಲದಿದ್ದರೆ 15 ದಿನ ಯಾವಾಗಿನಿಂದ ಎಣಿಸುವುದು? ಏಳು ವರ್ಷ ಶಾಲೆಯಲ್ಲಿ ರಜಾಚೀಟಿ ಬರೆದವರೂ ಪಂಚಾಯ್ತಿ ಮುಂದೆ, 'ಯಾರಾದ್ರೂ ಬರಕೊಡ್ರಪಾ' ಅಂತ ನಿಂತದ್ದನ್ನು ನೋಡಿದ್ದೇನೆ. ಬೇಡಿಕೊಳ್ಳುವುದನ್ನು ಕಲಿತಿದ್ದರು. ಯಾರನ್ನು, ಏನು, ಯಾವ ಕಾನೂನಿನ ಮೇಲೆ ಕೇಳುವುದು ಅನ್ನುವುದನ್ನು ಕಲಿತಿರಲಿಲ್ಲ. ಅದನ್ನು ಕಲಿಸಿದ್ದು ಶಾಲೆಗಿಂತ ಹೆಚ್ಚಾಗಿ ದಲಿತ ಸಂಘರ್ಷ ಸಮಿತಿಯಂಥ ಚಳವಳಿಗಳು, ಕರಪತ್ರ ಮತ್ತು ಮನವಿಪತ್ರಗಳ ಮೂಲಕ. ನಮ್ಮ ವಿಮರ್ಶೆ 'ಗೌರ್ಮೆಂಟ್ ಬ್ರಾಹ್ಮಣ', 'ಊರುಕೇರಿ'ಗಳ ಬಗ್ಗೆ ಧಾರಾಳವಾಗಿ ಮಾತಾಡಿದೆ. ಮನವಿಪತ್ರವನ್ನಾಗಲಿ ನಾಲ್ಕನೆ ಕ್ಲಾಸಿನ ನೋಟುಬುಕ್ಕನ್ನಾಗಲಿ ಪಠ್ಯವೆಂದು ಅದು ಓದಿದ್ದು ಕಡಿಮೆ.

ಮಕ್ಕಳಿಗೆ ಬರಹದ ಬಗೆಗಳು ಗೊತ್ತಿಲ್ಲ ಅನ್ನುವವರು ಒಮ್ಮೆ ಮೈಲಾರಕ್ಕೆ ಬರಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ಒಂದು ಮಾತಿನ ಕಾರಣಿಕ ನುಡಿಯುತ್ತಾನೆ. ಮಳೆಗೋ ರಾಜಕೀಯಕ್ಕೋ ಅಂತ ಅದರ ಅರ್ಥವನ್ನು ಹುಡುಗರೂ ಬಂಡಿಯಲ್ಲಿ ಕೂತು ವಾದಿಸುತ್ತಾರೆ. ಶಾಲೆಗೆ ಬಂದ ಮೇಲೆ 'ನಾನು ಕಂಡ ಜಾತ್ರೆ' ಪ್ರಬಂಧಕ್ಕೆ ಅದೇ ಹುಡುಗರು ಗೈಡು ನೋಡಿ ಬತ್ತಾಸು, ಬಳೆ ಅಂಗಡಿ ಬರೆಯುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಮುಂದೆ ನಾಡಿನ ಸರಕಾರಿ ಶಾಲೆಗಳಿಗೆ ಬಂದ ನಲಿ-ಕಲಿ, ಕಾರ್ಡುಗಳಿಂದ ಮಗುವನ್ನು ತನ್ನ ವೇಗದಲ್ಲಿ ಕಲಿಯಲು ಬಿಟ್ಟಿತು. ಒಳ್ಳೆಯದೇ. ಆದರೆ ಅದು ಕೆಳಗಿನ ತರಗತಿಗಳಿಗೆ. ಅರ್ಜಿ ಬರೆಯುವ ಹೊತ್ತಿಗೆ ಮಗು ಮತ್ತೆ ಅಚ್ಚಿಗೇ ಬರುತ್ತದೆ.

ಕಳೆದ ಬೇಸಿಗೆ ನಮ್ಮಕ್ಕನ ಮಗಳಿಗೆ, ಐದನೆ ಕ್ಲಾಸಿನವಳಿಗೆ, ರಜಾಚೀಟಿಯಲ್ಲಿ ನಿಜವಾದ ಕಾರಣವನ್ನೇ ಬರಿ ಅಂದೆ. 'ಬೈಯಂಗಿಲ್ಲೇನು ಮಾವ?' ಅಂತ ಕೇಳಿ, ಬರೆದಳು: ಅವ್ವ ಅಪ್ಪ ದುಡಿಯಾಕ ಹೋಗ್ಯಾರ, ತಮ್ಮನ್ನ ನೋಡಾಕ ನಾನು ಮನ್ಯಾಗ ಇದ್ದೆ. ಮೇಷ್ಟ್ರ ಚಾಳಿ, ಕೆಂಪು ಪೆನ್ನು ತೆಗೆದು 'ದುಡಿಯಾಕ' ಅನ್ನುವುದನ್ನು ತಿದ್ದಲು ಹೋಗಿ ಬಿಟ್ಟೆ. ದಿನಾಂಕ ಬರೆದಿರಲಿಲ್ಲ. ಅದನ್ನು ಹಾಕಿಸಿದೆ.