ನರಸಾಪುರದ ಕೆಂಪು, ಮುಳಬಾಗಿಲಿನ ಕೆಂಪು

ಬೆಂಗಳೂರಿನಿಂದ ಹೊಸಕೋಟೆ ದಾಟಿ ಕೋಲಾರದ ಕಡೆ ಹೊರಟರೆ ಹೈವೇ ಪಕ್ಕದಲ್ಲೇ ನರಸಾಪುರ ಸಿಗುತ್ತೆ. 2013ರಲ್ಲಿ ಹೋಂಡಾ ಕಂಪನಿ ಭಾರತದ ತನ್ನ ಮೂರನೇ ಕಾರ್ಖಾನೆಯನ್ನು ಶುರು ಮಾಡಿದ್ದು ಇಲ್ಲೇ. ಅಲ್ಲಿಂದ ದಿನಕ್ಕೆ ಸಾವಿರಾರು ಗಾಡಿಗಳು ಬಣ್ಣ ಬಳಿಸಿಕೊಂಡು ಹೊರಗೆ ಬರುತ್ತವೆ. ಅದೇ ಹೈವೇಯಲ್ಲಿ ಸುಮಾರು ಒಂದು ಗಂಟೆ ಮುಂದೆ ಹೋದರೆ ಮುಳಬಾಗಿಲು. ಅಲ್ಲಿ ಜಿಂಕ್ ಶೀಟಿನ ಕೆಳಗೆ ಒಂದು ಕಂಪ್ರೆಸರ್, ಒಂದು ಗನ್ ಇಟ್ಟುಕೊಂಡ ಪೇಂಟರ್ ಹತ್ತಿರ ಅದೇ ಗಾಡಿಯನ್ನು ಟಚಪ್‌ಗೆ ಕೊಟ್ಟು ನೋಡಿ. ಕೆಂಪು ಬರುತ್ತೆ, ಆದರೆ ಅದೇ ಕೆಂಪು ಬರಲ್ಲ. ಒಂದೇ ಜಿಲ್ಲೆ, ಒಂದೇ ರಸ್ತೆ. ಹಾಗಿದ್ದರೂ ಯಾಕೆ ಹೀಗೆ? ಇದಕ್ಕೆ ಉತ್ತರ ಬೇಕಂದ್ರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಬರೀ ಕಪ್ಪು ಬಣ್ಣದಲ್ಲೇ ಬರುತ್ತಿತ್ತು ಅನ್ನೋದು ಬಹಳ ಜನಕ್ಕೆ ಗೊತ್ತು. ಆಗ ಬೇರೆ ಕಂಪನಿಗಳ ಬಣ್ಣದ ಕಾರುಗಳಿಗೆ ಪೇಂಟ್ ಹೊಡೆದು, ಒಣಗಿಸಿ, ತಿಕ್ಕಿ, ಮತ್ತೆ ಹೊಡೆದು ಮುಗಿಸೋಕೆ ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಡ್ಯುಪಾಂಟ್ ಕಂಪನಿ 'ಡ್ಯೂಕೋ' ಅನ್ನೋ ಪೇಂಟ್ ತಂದಿತು. ನೈಟ್ರೋಸೆಲ್ಯುಲೋಸ್‌ನಿಂದ ಮಾಡಿದ ಈ ಬಣ್ಣವನ್ನು ಗನ್ನಿನಲ್ಲಿ ಹೊಡೆದರೆ ಗಾಳಿಗೇ ಬೇಗ ಒಣಗುತ್ತಿತ್ತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಇದರಿಂದ ಇನ್ನೊಂದು ಅನುಕೂಲವೂ ಆಯ್ತು. ಒಲೆ ಬೇಕಿಲ್ಲದ ಬಣ್ಣ ಅಂದಮೇಲೆ ಕಾರ್ಖಾನೆ ಮಾಡಿದ್ದನ್ನು ಸಣ್ಣ ಗ್ಯಾರೇಜೂ ಮಾಡಬಹುದಿತ್ತು. ನಮ್ಮ ಕಡೆ ಇವತ್ತಿಗೂ ಮರದ ಬೀರುವಿಗೆ ಹೊಡೆದರೂ 'ಡೂಕೋ ಪೇಂಟ್' ಅಂತಾರಲ್ಲ, ಆ ಹೆಸರು ಬಂದಿದ್ದು ಅಲ್ಲಿಂದ.

ಆಮೇಲೆ ಕಾರ್ಖಾನೆ ಮತ್ತು ಗ್ಯಾರೇಜಿನ ದಾರಿ ಬೇರೆಬೇರೆಯಾಯಿತು. ಕಾರ್ಖಾನೆಗಳು ದೊಡ್ಡ ಒಲೆಗಳಲ್ಲಿ ಬೇಯಿಸುವ ಬಣ್ಣಕ್ಕೆ ಹೋದವು. ಪೆಟ್ರೋಲ್ ಟ್ಯಾಂಕನ್ನು ಗಾಡಿಗೆ ಜೋಡಿಸುವ ಮುಂಚೆ, ಬರೀ ತಗಡಾಗಿರುವಾಗಲೇ, ಸುಮಾರು 140 ಡಿಗ್ರಿ ಶಾಖದಲ್ಲಿ ಬೇಯಿಸಿ ಗಟ್ಟಿ ಮಾಡುತ್ತಾರೆ. ಗ್ಯಾರೇಜಿಗೆ ಬರುವ ಗಾಡಿಯಲ್ಲಿ ಪೆಟ್ರೋಲಿದೆ, ವೈರಿಂಗ್ ಇದೆ, ರಬ್ಬರ್ ಇದೆ, ಪ್ಲಾಸ್ಟಿಕ್ ಇದೆ. ಅದನ್ನು ಬೇಯಿಸೋಕಾಗುತ್ತಾ? ಹಾಗಾಗಿ ಪೇಂಟರ್ ಬೇರೆ ರಸಾಯನದ, ಹಾರ್ಡ್‌ನರ್ ಸೇರಿಸಿ ಬಿಸಿಲಲ್ಲಿ ಒಣಗುವ ಬಣ್ಣ ಬಳಸಲೇಬೇಕು. ನರಸಾಪುರಕ್ಕೂ ಮುಳಬಾಗಿಲಿಗೂ ಇರುವ ನಿಜವಾದ ದೂರ ಈ 140 ಡಿಗ್ರಿ. ಕಿಲೋಮೀಟರ್ ಲೆಕ್ಕ ಇಲ್ಲಿ ನಡೆಯಲ್ಲ.

ಕಲರ್ ಕೋಡ್ ಇದೆಯಲ್ಲ, ಅದನ್ನ ಕೊಟ್ಟರೆ ಆಯ್ತಲ್ವಾ? ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಮೊದಲು ಹೊಳೆಯೋದೇ ಇದು. ಹೆಕ್ಸ್ ಕೋಡ್ ಹಾಕಿದರೆ ಅದೇ ಬಣ್ಣ ಬರಬೇಕು. ಈ ಯೋಚನೆಗೂ ಒಂದು ಚರಿತ್ರೆ ಇದೆ. ಆಲ್ಬರ್ಟ್ ಮನ್ಸೆಲ್ ಅನ್ನೋ ಅಮೆರಿಕದ ಚಿತ್ರಕಲೆ ಮೇಷ್ಟ್ರು 1905ರಲ್ಲಿ ಒಂದು ಪುಸ್ತಕ ಬರೆದು, ಬಣ್ಣಗಳನ್ನು ಅಕ್ಷರ ಮತ್ತು ಅಂಕಿಗಳಲ್ಲಿ ಗುರುತಿಸುವ ಕ್ರಮ ಹೇಳಿದರು. ಕೆಂಪಿಗೆ 'ಆರ್', ನೇರಳೆ-ನೀಲಿಗೆ 'ಪಿಬಿ'. ಹೋಂಡಾ ಗಾಡಿಗಳ ಕೋಡ್‌ನಲ್ಲೂ ಇದೇ ಅಕ್ಷರಗಳಿವೆ: ಕೆಂಪಿಗೆ 'ಆರ್', ನೀಲಿಗೆ 'ಪಿಬಿ', ಕಪ್ಪು, ಬಿಳಿ, ಬೆಳ್ಳಿ ಬಣ್ಣಗಳಿಗೆ 'ಎನ್‌ಎಚ್'. ಕೊನೆಯಲ್ಲಿ 'ಎಂ' ಇದ್ದರೆ ಮೆಟಾಲಿಕ್, 'ಪಿ' ಇದ್ದರೆ ಪರ್ಲ್.

ಆ ಕೊನೆಯ ಅಕ್ಷರ ನೋಡಿದರೆ ಪೇಂಟರ್‌ಗೆ ತಲೆನೋವು. ಮೆಟಾಲಿಕ್ ಬಣ್ಣದೊಳಗೆ ಅಲ್ಯುಮಿನಿಯಂನ ಸಣ್ಣ ಸಣ್ಣ ಚೂರುಗಳಿರುತ್ತವೆ. ಅವು ಹೇಗೆ ಮಲಗುತ್ತವೋ ಹಾಗೆ ಬೆಳಕು ವಾಪಸ್ ಬರುತ್ತೆ. ಗನ್ ದೂರ ಹಿಡಿದು ಒಣಒಣ ಹೊಡೆದರೆ ಬಣ್ಣ ತಿಳಿ, ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಕಡು. ಡಬ್ಬಿಯಲ್ಲಿರೋದು ಒಂದೇ ಬಣ್ಣವಾದರೂ ಎರಡು ಕೈಯಲ್ಲಿ ಎರಡು ಬಣ್ಣ. ಟ್ಯೂಬ್‌ಲೈಟಲ್ಲಿ ಸರಿ ಹೊಂದಿದ್ದು ಬಿಸಿಲಿಗೆ ತಂದರೆ ಬೇರೆ ಕಾಣುವುದೂ ಉಂಟು. ಅದಕ್ಕೇ ಅನುಭವಸ್ಥ ಪೇಂಟರ್ ಪ್ಯಾನೆಲನ್ನು ಬಯಲಿಗೆ ತಂದು, ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡ್ತಾನೆ.

ಅದೂ ಅಲ್ಲದೆ ಕೋಡ್ ಹೇಳೋದು ಗಾಡಿ ಹುಟ್ಟಿದ ದಿನದ ಬಣ್ಣ. ಆಮೇಲಿನ ಬದುಕು ಅದಕ್ಕೆ ಗೊತ್ತಿಲ್ಲ. ಶ್ರೀನಿವಾಸಪುರದ ಮಾವಿನ ತೋಟದ ಬದುವಲ್ಲಿ ನಿಂತ ಗಾಡಿ, ಕೋಲಾರದ ಮಂಡಿಗೆ ಟೊಮೆಟೊ ಕ್ರೇಟ್ ಹೊತ್ತ ಗಾಡಿ, ಮಾಲೂರಿನ ಇಟ್ಟಿಗೆ ಗೂಡುಗಳ ಧೂಳು ಕುಡಿದ ಗಾಡಿ, ಇವೆಲ್ಲ ಒಂದೇ ಬಣ್ಣದಲ್ಲಿ ಹುಟ್ಟಿದ್ದರೂ ಐದು ವರ್ಷಕ್ಕೆ ಬೇರೆಬೇರೆ ಬಣ್ಣವಾಗಿರುತ್ತವೆ. ಬಿಸಿಲಿಗೆ ಕೆಂಪು ಬೇಗ ಸೋಲುತ್ತೆ. ಆಳದ ಬೋರ್‌ವೆಲ್‌ನ ಗಡಸು ನೀರಲ್ಲಿ ತೊಳೆದರೆ ಬಿಳಿ ಕಲೆ ಕೂರುತ್ತೆ. ಕೋಡ್ ನೋಡಿ ಬೆರೆಸಿದ ಹೊಸ ಬಣ್ಣ ಈ ಟ್ಯಾಂಕಿನ ಮೇಲೆ ತೇಪೆ ಹಾಕಿದ ಹಾಗೇ ಕಾಣುತ್ತೆ.

ಇದು ಬರೀ ಅಂದಚಂದದ ಮಾತಲ್ಲ. ನಮ್ಮ ಚಿಕ್ಕಪ್ಪ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಿದ್ದದ್ದು ಬೈಕಲ್ಲೇ. ಕ್ಯಾನು ಉಜ್ಜಿ ಉಜ್ಜಿ ಪಕ್ಕದ ಪ್ಯಾನೆಲ್ ತಗಡು ಕಾಣೋ ಹಾಗಾಗಿತ್ತು, ಟಚಪ್ ಮಾಡಿಸಿದ್ದರು. ಮಗಳ ಕಾಲೇಜ್ ಫೀಸಿಗೆ ಅಂತ ಮಾರೋಕೆ ಹೋದಾಗ ಬಂದವನು ಆ ಒಂದು ಪ್ಯಾನೆಲ್ ನೋಡಿ, "ಏನ್ ಸ್ವಾಮಿ, ಆಕ್ಸಿಡೆಂಟ್ ಗಾಡೀನಾ?" ಅಂದ. ಗಾಡಿ ಒಂದು ದಿನವೂ ಬಿದ್ದಿರಲಿಲ್ಲ. ಆದರೂ ನಾಲ್ಕು ಸಾವಿರ ಕಡಿಮೆಗೇ ಕೊಡಬೇಕಾಯ್ತು. ಬಣ್ಣ ಹೊಂದದಿದ್ದರೆ ಮನುಷ್ಯನ ಮಾತೂ ನಂಬಿಕೆಗೆ ನಿಲ್ಲಲ್ಲ.

ಕಾರ್ಖಾನೆಯೇ ಇಲ್ಲದಿದ್ದರೆ? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕಥೆ ನೋಡಿ. 1961ರಲ್ಲಿ ಜೆಕೊಸ್ಲೊವಾಕಿಯಾದ ಲೈಸೆನ್ಸ್ ಮೇಲೆ ಜಾವಾ ಬೈಕು ಮಾಡೋಕೆ ಶುರುಮಾಡಿ, 1970ರ ದಶಕದಲ್ಲಿ ಹೆಸರು ಯೆಜ್ಡಿ ಅಂತ ಬದಲಾಗಿ, 1996ರಲ್ಲಿ ಬಾಗಿಲು ಹಾಕಿತು. ಹಳೇ ಜಾವಾ ರಿಪೇರಿ ಮಾಡಿಸೋರು ಆ ಮರೂನ್ ಬಣ್ಣವನ್ನು ಎಲ್ಲಿ ಹುಡುಕಬೇಕು? ಟ್ಯಾಂಕಿನ ಮೊಣಕಾಲು ರಬ್ಬರ್ ಬಿಚ್ಚಿ ಅದರಡಿ, ಟೂಲ್ ಬಾಕ್ಸ್ ಒಳಗೆ, ಅಂದರೆ ಬಿಸಿಲು ಮುಟ್ಟದ ಜಾಗದಲ್ಲಿ. ಶಾಸನ ಓದೋರು ಗಾರೆಯ ಹಿಂದೆ ಹುಡುಕುವ ಹಾಗೆ. 2018ರಲ್ಲಿ ಜಾವಾ ಹೆಸರು ಮರೂನ್ ಬಣ್ಣದ ಜೊತೆಗೇ ಮಾರ್ಕೆಟ್ಟಿಗೆ ವಾಪಸ್ ಬಂತು. ಆದರೆ ಅದು ಹೊಸ ಕಾರ್ಖಾನೆಯ ಹೊಸ ಮರೂನ್. ತಾತನ ಗಾಡಿಯ ಗೀರು ಮುಚ್ಚೋಕೆ ಅದು ಆಗಲ್ಲ.

ಹಾಗಾಗಿ ನಿಮ್ಮ ಗಾಡಿಗೂ ಟಚಪ್ ಬೇಕಾದರೆ ಕೋಡ್ ಖಂಡಿತ ಕೊಡಿ, ಅದು ಒಳ್ಳೇ ಆರಂಭ. ಆದರೆ ಗಾಡಿಯನ್ನೂ ಅಲ್ಲೇ ಬಿಡಿ. ಮೊದಲು ಒಂದು ತಗಡಿನ ತುಂಡಿಗೆ ಹೊಡೆದು, ಲ್ಯಾಕರ್ ಹಾಕಿ, ಪೂರ್ತಿ ಒಣಗಿದ ಮೇಲೆ ಹಗಲಲ್ಲಿ ಟ್ಯಾಂಕಿನ ಪಕ್ಕ ಹಿಡಿದು ನೋಡೋಕೆ ಹೇಳಿ. ಗೀರಿರುವ ಜಾಗಕ್ಕೆ ಮಾತ್ರ ಹೊಡೆದು ಗೆರೆ ಎಳೆದ ಹಾಗೆ ನಿಲ್ಲಿಸದೆ, ಸುತ್ತಲ ಬಣ್ಣದೊಳಗೆ ತೆಳುವಾಗಿ ಕರಗಿಸಲಿ. ಇದಕ್ಕೆ ಒಂದು ದಿನ ಜಾಸ್ತಿ ಹಿಡಿಯುತ್ತೆ, ಒಂದಷ್ಟು ದುಡ್ಡೂ ಜಾಸ್ತಿ ಆಗುತ್ತೆ. ಕೊಡಿ. 140 ಡಿಗ್ರಿಯ ಒಲೆ ಮಾಡುವ ಕೆಲಸಕ್ಕೆ ಆತ ಬರೀ ಕಣ್ಣು ಮತ್ತು ಕೈ ನಂಬಿಕೊಂಡು ಇಳಿದಿದ್ದಾನೆ.