ನಾಯಿಗೂ ಒಂದು ಆಯ

ಚಿತ್ರದುರ್ಗದಿಂದ ಹಿರಿಯೂರಿಗೆ ಹೈವೇಯಲ್ಲಿ ಓಡಾಡುವವರಿಗೆಲ್ಲ ಈ ನೋಟ ಗೊತ್ತು. ರಸ್ತೆ ಪಕ್ಕ ಒಂದು ನಾಯಿ ಬಿದ್ದಿರುತ್ತದೆ. ಕೆಲವು ಸಲ ಇನ್ನೂ ಉಸಿರಿರುತ್ತದೆ. ಬೈಕ್ ನಿಲ್ಲಿಸಿ ಬಾಯಿಗೆ ನೀರು ಬಿಡುವವರು ನಮ್ಮಲ್ಲಿದ್ದಾರೆ. ಆದರೆ ಆಮೇಲೆ? ಪಶು ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕಬಹುದು. ಕಾಲು ಕೂಡಿಕೊಳ್ಳುವ ತನಕ ಇಟ್ಟುಕೊಂಡು ಅನ್ನ ಹಾಕುವವರು ಯಾರು?

ನಾಯಿಗಳಿಗೆ ಆಶ್ರಯ ಕೇಂದ್ರ ಅಂದರೆ ಪಟ್ಟಣದವರ ಶೋಕಿ ಅನ್ನುವವರಿದ್ದಾರೆ. ಆದರೆ ನಾಯಿಯ ಹೆಸರಿನಲ್ಲಿ ಜಮೀನು ಬಿಟ್ಟ ಕಥೆ ನಮ್ಮ ಕನ್ನಡ ನಾಡಿನಲ್ಲೇ ಇದೆ. ಅದೂ ಸಾವಿರ ವರ್ಷಕ್ಕಿಂತ ಹಿಂದಿನದು.

ಕಾಳಿಯ ಕಲ್ಲು

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಕ್ರಿ.ಶ. 949–50ರದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಪರವಾಗಿ ಕಾದಾಡಿದ ಗಂಗರ ಬೂತುಗ, ತನ್ನ ವೀರ ಮಣಲೆರನಿಗೆ ಮೆಚ್ಚಿ ಏನು ಬೇಕೋ ಕೇಳು ಅಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೊಂದು ದಿನ ದೊಡ್ಡ ಕಾಡುಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಜೊತೆಗೇ ಸತ್ತವು.

ಮಣಲೆರ ಅತ್ತು ಸುಮ್ಮನಾಗಲಿಲ್ಲ. ಚೆಲ್ಲೇಶ್ವರ ದೇವಸ್ಥಾನದ ಮುಂದೆ ಕಾಳಿಗೆ ಕಲ್ಲು ನೆಡಿಸಿದ. ಅದರ ಪೂಜೆಗೆ ಊರ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಜಮೀನು ಬಿಡಿಸಿದ. ದೇವಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ಆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದು ಬರೆಸಿದ. ಜಮೀನು ಹಾಳು ಮಾಡಿದವನಿಗೂ ಅದೇ ಶಾಪ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ.

ಇಂದಿನ ಪ್ರೀತಿ ನಾಳೆ ಮರೆತುಹೋಗುತ್ತದೆ ಅಂತ ಆ ಕಾಲದವರಿಗೆ ಗೊತ್ತಿತ್ತು. ಅದಕ್ಕೇ ಪ್ರೀತಿಯ ಹಿಂದೆ ಒಂದು ತುಂಡು ಗದ್ದೆ ಇಟ್ಟರು.

ಬೊಂಬಾಯಿಯ ವ್ಯಾಪಾರಿಗಳು

ಬದುಕಿರುವ ನಾಯಿಗಳಿಗೆ ಆಶ್ರಯ ಬೇಕು ಎಂಬ ಗಲಾಟೆ ದೊಡ್ಡದಾಗಿ ಎದ್ದದ್ದು 1832ರ ಜೂನ್‌ನಲ್ಲಿ, ಬೊಂಬಾಯಿಯಲ್ಲಿ. ಬ್ರಿಟಿಷ್ ಸರ್ಕಾರ ಅಲ್ಲಿ ಬೇಸಿಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುತ್ತಿತ್ತು. ಒಂದು ನಾಯಿಗೆ ಎಂಟಾಣೆ. ದುಡ್ಡಿನಾಸೆಗೆ ಹಿಡಿಯುವವರು ಸಾಕಿದ ನಾಯಿಗಳಿಗೂ ಕೈ ಹಾಕಿದರು. ಪಾರ್ಸಿಗಳಿಗೆ ನಾಯಿ ಪವಿತ್ರ. ಅವರಲ್ಲಿ ಸತ್ತವರ ಮೇಲೆ ನಾಯಿಯ ದೃಷ್ಟಿ ಬೀಳಬೇಕೆಂಬ ಸಂಪ್ರದಾಯವಿದೆ. ಅವರು ಬೀದಿಗಿಳಿದರು. ಬೇರೆ ಸಮುದಾಯದವರೂ ಕೂಡಿಕೊಂಡರು. ಅಂಗಡಿ ಮುಚ್ಚಿದವು, ಸಿಪಾಯಿಗಳಿಗೆ ದಿನಸಿ ಹೋಗುವುದೂ ನಿಂತಿತು.

ಎರಡು ವರ್ಷದ ಮೇಲೆ, 1834ರಲ್ಲಿ, ಜಮ್ಷೆಡ್‌ಜಿ ಜೀಜೀಭಾಯಿ ಎಂಬ ಪಾರ್ಸಿ ಸಾಹುಕಾರ ಮತ್ತು ಗುಜರಾತಿ ವರ್ತಕರು ಸೇರಿ ಪಾಂಜರಾಪೋಳ ಕಟ್ಟಿದರು. ಮುದಿ ದನಗಳ ಜೊತೆ ನಾಯಿಗಳಿಗೂ ಅಲ್ಲಿ ಜಾಗವಿತ್ತು. ದಿನದ ಖರ್ಚಿಗೆ ವರ್ತಕರು ತಮ್ಮ ವ್ಯಾಪಾರದ ಮೇಲೆ ತಾವೇ ಒಂದು ಸಣ್ಣ ಲಾಗ ಹಾಕಿಕೊಂಡರು. ಮಾಲು ಮಾರಾಟವಾದಂತೆಲ್ಲ ಪ್ರಾಣಿಗಳ ಪಾಲು ತಾನಾಗಿ ಬೀಳುತ್ತಿತ್ತು. ದಿನಾ ಯಾರ ಮುಂದೆಯೂ ಕೈ ಚಾಚಬೇಕಿರಲಿಲ್ಲ.

ಮದ್ರಾಸು, ಬೆಂಗಳೂರು

1959ರಲ್ಲಿ ಮದ್ರಾಸಿನಲ್ಲಿ ಮಳೆ ನೀರು ನುಗ್ಗಿದಾಗ ವಿಮಾನ ಪೈಲಟ್ ಕ್ಯಾಪ್ಟನ್ ಸುಂದರಂ ಮುಳುಗುತ್ತಿದ್ದ ನಾಯಿಮರಿಗಳನ್ನು ಎತ್ತಿ ಮನೆಗೆ ತಂದರು. ಅದೇ ಬ್ಲೂ ಕ್ರಾಸ್ ಸಂಸ್ಥೆಯ ಹುಟ್ಟು. ಕೊಂದರೆ ನಾಯಿ ಕಡಿಮೆಯಾಗುವುದಿಲ್ಲ, ಆಪರೇಷನ್ ಮಾಡಿ ಮರಿ ಹಾಕದಂತೆ ನೋಡಿಕೊಳ್ಳಬೇಕು ಎಂದು ಆ ಸಂಸ್ಥೆ 1964ರಿಂದಲೇ ಹೇಳುತ್ತ ಬಂತು. ಸರ್ಕಾರ ಇದನ್ನೇ ದೇಶಕ್ಕೆಲ್ಲ ನಿಯಮ ಮಾಡಿದ್ದು 2001ರಲ್ಲಿ. 2023ರಲ್ಲಿ ಹೊಸ ನಿಯಮಗಳು ಬಂದವು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರಲ್ಲಿ ಕ್ರಿಸ್ಟಲ್ ರೋಜರ್ಸ್ ಒಬ್ಬರು. ಇಂಗ್ಲೆಂಡಿನ ಈ ಹೆಣ್ಣುಮಗಳು ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳಿಗೆ ಆಶ್ರಯ ಕಟ್ಟಿ, ಕೊನೆಗೆ ಬೆಂಗಳೂರಿಗೆ ಬಂದು 1991ರಲ್ಲಿ ಕ್ಯೂಪಾ ಸಂಸ್ಥೆ ಶುರು ಮಾಡಿದರು. ಆಗ ಅವರಿಗೆ 80 ದಾಟಿತ್ತು. 1996ರಲ್ಲಿ ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ. ಸ್ವಯಂಸೇವಕರೂ ದಾನಿಗಳೂ ಅದನ್ನು ಮುಂದಕ್ಕೆ ಒಯ್ದರು.

ನಮ್ಮ ನಾಲ್ಕು ತಾಲ್ಲೂಕಿಗೆ ಏನು?

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು, ಆಪರೇಷನ್ ಮಾಡಿಸಿ, ಲಸಿಕೆ ಹಾಕಿ, ಆಶ್ರಯ ಕೇಂದ್ರದಲ್ಲಿ ಇಡಬೇಕು, ಮತ್ತೆ ಅಲ್ಲಿಗೇ ಬಿಡಬಾರದು ಎಂದು ಆದೇಶಿಸಿತು. ಅಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಸ್ ಸ್ಟ್ಯಾಂಡಿನ ನಾಯಿಗಳಿಗೂ ಒಂದು ಜಾಗ ಬೇಕು. ಜಾಗ ಕೊಡುವ ಜವಾಬ್ದಾರಿ ಸರ್ಕಾರದ್ದು, ನಗರಸಭೆ ಪುರಸಭೆಗಳದ್ದು. ಆದರೆ ಗಾಯಗೊಂಡದ್ದು, ಕುರುಡಾದದ್ದು, ಯಾರೋ ಚೀಲದಲ್ಲಿ ತಂದು ಬಿಟ್ಟುಹೋದ ಮರಿಗಳು, ಇವುಗಳ ದಿನನಿತ್ಯದ ಆರೈಕೆ ಜನರ ಕೈ ಸೇರದೆ ನಡೆದ ಉದಾಹರಣೆ ಕಡಿಮೆ.

ಇದು ಬರೀ ನಾಯಿಯ ಪ್ರಶ್ನೆಯಲ್ಲ. ಹಟ್ಟಿಗೆ ನುಗ್ಗಿ ಕುರಿಮರಿ ಎಳೆದುಕೊಂಡು ಹೋದ ನಾಯಿಗಳ ಮೇಲೆ ಕುರಿಗಾರನಿಗೆ ಸಿಟ್ಟು ಬರುವುದು ನ್ಯಾಯವೇ. ಹುಚ್ಚುನಾಯಿ ರೋಗ ಬಂದರೆ ಮನುಷ್ಯ ಉಳಿಯುವುದಿಲ್ಲ. ನಾಯಿ ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಬೇಕು. ನಾಯಿಗಳಿಗೆ ಲಸಿಕೆ, ಆಪರೇಷನ್ ಆದರೆ ಊರಿನ ಮಕ್ಕಳಿಗೂ ಕ್ಷೇಮ, ಹಟ್ಟಿಗೂ ಕ್ಷೇಮ.

ಖರ್ಚಿನ ಲೆಕ್ಕ ಹಾಕಿ ನೋಡೋಣ. 40 ನಾಯಿ, ಒಂದಕ್ಕೆ ದಿನಕ್ಕೆ 25 ರೂಪಾಯಿ ಊಟ ಅಂದರೆ ದಿನಕ್ಕೆ 1,000, ತಿಂಗಳಿಗೆ 30,000. ಔಷಧಿ, ನೀರಿನ ಟ್ಯಾಂಕರ್, ಕೆಲಸದವರ ಕೂಲಿ ಬೇರೆ. ಒಬ್ಬರ ಜೇಬಿಗೆ ಇದು ಹೊರಲಾಗದ ಭಾರ. ಒಂದೇ ಸಲ ಬರುವ ದೊಡ್ಡ ದಾನವೂ ಬೇಗ ಕರಗುತ್ತದೆ. ಅದೇ 300 ಮನೆಯವರು ತಿಂಗಳಿಗೆ ನೂರು ರೂಪಾಯಿ ತಪ್ಪದೆ ಕೊಟ್ಟರೆ ಊಟದ ಚಿಂತೆ ತೀರಿತು.

ತಪ್ಪದೆ ಕೊಡುವುದು ನಮಗೆ ಹೊಸದಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದ ಕಮ್ಮಾರ, ಬಡಗಿ, ತಳವಾರರಿಗೆ ಆಯ ಅಳೆದು ಕೊಟ್ಟ ಊರುಗಳು ನಮ್ಮವು. ನಮ್ಮದೇ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸ ನಾಯಕರು ದೇವರ ಎತ್ತುಗಳನ್ನು ತಲೆತಲಾಂತರದಿಂದ ಸಾಕಿದ್ದಾರೆ. ಅವು ಉಳುವುದಿಲ್ಲ, ಮಾರಾಟಕ್ಕಿಲ್ಲ. ಕಿಲಾರಿಗಳು ಕಾಯುತ್ತಾರೆ, ಬರ ಬಿದ್ದಾಗ ಭಕ್ತರು ಮೇವು ತಂದು ಹಾಕುತ್ತಾರೆ.

ಆತಕೂರಿನ ಕಲ್ಲಿನಲ್ಲಿ ನಾಲ್ಕು ವಿಷಯ ಬರೆದಿದೆ: ಕೊಟ್ಟದ್ದು ಎಷ್ಟು, ಅದು ಎಲ್ಲಿದೆ, ನೋಡಿಕೊಳ್ಳುವವರು ಯಾರು, ತಪ್ಪಿದರೆ ಏನು. ಎಲ್ಲವೂ ಜನ ಓಡಾಡುವ ದೇವಸ್ಥಾನದ ಮುಂದೆಯೇ. ನಾಳೆ ನಿಮ್ಮೂರಿನ ಹುಡುಗರು ಒಂದು ಶೆಡ್ ಹಾಕಿ ನಾಯಿಗಳನ್ನು ನೋಡಿಕೊಳ್ಳುತ್ತೇವೆ ಅಂತ ಬಂದರೆ, ಮೊದಲು ಈ ನಾಲ್ಕನ್ನು ಗೇಟಿನ ಬೋರ್ಡಿನ ಮೇಲೆ ಬರೆಯಲು ಹೇಳಿ. ಬಂದ ದುಡ್ಡು, ಹೋದ ದುಡ್ಡು ಪ್ರತಿ ತಿಂಗಳು ಅಲ್ಲೇ ಕಾಣಲಿ. ಬರೆದರೆ, ನಿಮ್ಮ ಪಾಲಿನ ನೂರು ರೂಪಾಯಿ ಕೊಡಿ. ಮುಂದಿನ ತಿಂಗಳೂ ಕೊಡಿ.