ಕಾನೂನು ಶೋಧ ತಂತ್ರಾಂಶ ಮತ್ತು ಜಾಲತಾಣ ವರ್ತನಾ ವಿಶ್ಲೇಷಣೆ: ಕೊಪ್ಪಳ ಸೀಮೆ

ಹಳೆಯ ತೀರ್ಪು, ಕಾಯ್ದೆಗಳನ್ನು ಹುಡುಕಿಕೊಡುವುದು ಕಾನೂನು ಶೋಧ ತಂತ್ರಾಂಶ. ಜಾಲತಾಣಕ್ಕೆ ಬಂದವರು ಎಲ್ಲಿ ಒತ್ತಿದರು, ಎಷ್ಟು ಹೊತ್ತು ನಿಂತರು ಎಂದು ದಾಖಲಿಸುವುದು ವರ್ತನಾ ವಿಶ್ಲೇಷಣೆ. ಒಂದು ದಾಖಲೆಯನ್ನು ಶೋಧಿಸಿದರೆ ಇನ್ನೊಂದು ಓದುಗನನ್ನೇ ಗಮನಿಸುತ್ತದೆ.

ಅಮೆರಿಕದಲ್ಲಿ ಕಾನೂನು ಶೋಧ ಸೇವೆ ಲೆಕ್ಸಿಸ್ 1973ರಲ್ಲಿ ಬಂತು. ಗೂಗಲ್ 2005ರಲ್ಲಿ ಅರ್ಚಿನ್ ಕಂಪನಿಯನ್ನು ಕೊಂಡು ಅದೇ ವರ್ಷ ವರ್ತನಾ ವಿಶ್ಲೇಷಣೆಯ ಸಾಧನ ‘ಅನಲಿಟಿಕ್ಸ್’ ಆರಂಭಿಸಿತು. 2008ರ ಜನವರಿಯಲ್ಲಿ ಸುಶಾಂತ್ ಸಿನ್ಹಾ ಅವರ ಉಚಿತ ತೀರ್ಪು ಶೋಧ ತಾಣ ‘ಇಂಡಿಯನ್ ಕಾನೂನ್’ ತೆರೆಯಿತು. ಅದೇ ವರ್ಷದ ಜುಲೈನಲ್ಲಿ ಧಾರವಾಡದಲ್ಲಿ ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಯಿತು. 2013ರಲ್ಲಿ ಅದು ಕಾಯಂ ಆಯಿತು. ಕೊಪ್ಪಳ ಜಿಲ್ಲೆ ಈ ಪೀಠದ ವ್ಯಾಪ್ತಿಯಲ್ಲಿರುವುದರಿಂದ ಜಿಲ್ಲೆಯ ಹುಲಿಹೈದರ ಗ್ರಾಮದವರು ಮೇಲ್ಮನವಿಗೆ ಬೆಂಗಳೂರಿನವರೆಗೆ ಹೋಗುವುದು ತಪ್ಪಿತು.

ಈ ಸೀಮೆಯ ದಾಖಲೆಯಲ್ಲಿ ದೊಡ್ಡ ಕಂದಕವೊಂದಿದೆ. 1956ರವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಹೈದರಾಬಾದ್ ರಾಜ್ಯದಲ್ಲಿದ್ದವು. ಹಳೆಯ ಜಮೀನು ವ್ಯಾಜ್ಯದ ಬೇರು ಹುಡುಕುವವರು 1950ರ ಹೈದರಾಬಾದ್ ಗೇಣಿ ಕಾಯ್ದೆಯವರೆಗೂ ಹಿಂದಕ್ಕೆ ಹೋಗಬೇಕಾಗುತ್ತದೆ. ನಿಜಾಮರ ಕಾಲದ ಕೋರ್ಟು ಕಾಗದ ಉರ್ದುವಿನಲ್ಲಿದೆ. ಇಂಗ್ಲಿಷ್ ಪದ ಹಿಡಿದು ಹುಡುಕಿದರೆ ಅದು ಸಿಗದು. 2019ರಲ್ಲಿ ಸುಪ್ರೀಂ ಕೋರ್ಟ್ ತಂದ ಅನುವಾದ ತಂತ್ರಾಂಶ ‘ಸುವಾಸ್’ ಕನ್ನಡವನ್ನು ಒಳಗೊಂಡರೂ ಈ ಕಂದಕ ಉಳಿದೇ ಇದೆ.

ತೀರ್ಪಿನಲ್ಲಿರುವ ಹೆಸರುಗಳನ್ನು ಜಾಲದಲ್ಲಿ ಮರೆಮಾಡುವ ವಿಚಾರದಲ್ಲಿ ಹೆಚ್ಚು ಗೊಂದಲವಿರುವುದು 2017ರ ಬಗ್ಗೆ. ಆ ವರ್ಷದ ಜನವರಿ 23ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ನೀಡಿದ ಆದೇಶವನ್ನು ‘ಮರೆಯಲ್ಪಡುವ ಹಕ್ಕ’ನ್ನು ದೇಶದಲ್ಲಿ ಮೊದಲು ಎತ್ತಿಹಿಡಿದದ್ದೆಂದು ಹಲವರು ಬರೆದಿದ್ದಾರೆ. ಆದೇಶ ಹೇಳಿದ್ದು ಅದಕ್ಕಿಂತ ಕಡಿಮೆ. ಅಂತರಜಾಲದ ಹುಡುಕಾಟದಲ್ಲಿ ಮಹಿಳೆಯೊಬ್ಬರ ಹೆಸರು ಕಾಣದಂತೆ ರಿಜಿಸ್ಟ್ರಿ ನೋಡಿಕೊಳ್ಳಬೇಕಿತ್ತು. ಹೈಕೋರ್ಟಿನ ತಾಣದಲ್ಲೂ ದೃಢೀಕೃತ ಪ್ರತಿಯಲ್ಲೂ ಹೆಸರು ಹಾಗೇ ಉಳಿಯಿತು. ನಾಲ್ಕು ದಿನ ಮೊದಲು ಗುಜರಾತ್ ಹೈಕೋರ್ಟ್ ಇಂಥದೇ ಕೋರಿಕೆಯನ್ನು ತಳ್ಳಿಹಾಕಿತ್ತು. ಇವೆರಡನ್ನೂ ಜೊತೆಯಾಗಿ ಓದದ ಯಾವ ಚರಿತ್ರೆಯೂ ಅಪೂರ್ಣ.

ಅದೇ ವರ್ಷದ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ ದತ್ತಾಂಶದ ಬಳಕೆಗೆ ಸಮ್ಮತಿಯನ್ನು ಮುಖ್ಯ ಆಧಾರವಾಗಿಸಿತು. ಗುರುತು ಹಿಡಿಯಬಲ್ಲ ರೀತಿಯಲ್ಲಿ ಓದುಗರ ವರ್ತನೆ ದಾಖಲಿಸುವವರಿಗೂ ಇದು ತಟ್ಟುತ್ತದೆ. ಆದರೆ ಕಾನೂನಿನ ಹೊಣೆಯಂತೆ ಸಾರ್ವಜನಿಕಗೊಳಿಸಿದ ದತ್ತಾಂಶವನ್ನು ಕಾಯ್ದೆ ಹೊರಗಿಟ್ಟಿದೆ. ತೀರ್ಪಿನೊಳಗಿನ ಹೆಸರುಗಳ ಪ್ರಶ್ನೆ ಹೀಗಾಗಿ ನ್ಯಾಯಾಲಯಗಳ ಮುಂದೆಯೇ ಉಳಿದಿದೆ. ಒಂದು ತೀರ್ಪನ್ನು ಇಂಡಿಯನ್ ಕಾನೂನ್ ತೆಗೆದುಹಾಕಬೇಕೆಂದು ಮದ್ರಾಸ್ ಹೈಕೋರ್ಟ್ 2024ರಲ್ಲಿ ಆದೇಶಿಸಿತು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು.